ಬಗಲೊಳಗಿನ ಬಾಟಲಿ

ಸಂಗಣ್ಣ ಎಲ್ಲಿ ಕೆಲಸ ಮಾಡುತ್ತಾನೆಂದು ಯಾರಾದರೂ ಕೇಳಿದರೆ ಅವನ ತಾಯಿ ರಾಚವ್ವ, "ಡಾಕ್ಟರ ಕಡೆ ಅದಾನ್ರಿ, ರಕ್ತಾ ನೋಡ್ತಾನ" ಎಂದು ಹೇಳಿ ಮಾತು ತಿರುಗಿಸುತ್ತಿದ್ದಳು. ಅವನು ನೋಡುತ್ತಿದ್ದದ್ದು ರಕ್ತವಲ್ಲ. ಅದು ರಾಚವ್ವನಿಗೂ ಗೊತ್ತು, ವಿಜಾಪುರದಲ್ಲಿ ಅವನ ಮನೆಯಿದ್ದ ಜಲನಗರದ ಓಣಿಗೂ ಗೊತ್ತು. ಆದರೆ ಗಂಡಸರ ಧಾತುವನ್ನು ಗಾಜಿನ ಮೇಲೆ ಹಚ್ಚಿ, ಅದರೊಳಗಿನ ಹುಳ ಎಷ್ಟು ಓಡುತ್ತವೆ, ಎಷ್ಟು ಕುಂಟುತ್ತವೆ ಎಂದು ನೋಡುವುದಕ್ಕೆ ತನ್ನ ಮಗನಿಗೆ ಪಗಾರ ಸಿಗುತ್ತದೆಂದು ಮರ್ಯಾದಸ್ಥರ ಮುಂದೆ ಹೇಗೆ ಹೇಳುವುದು? ರಕ್ತ ಎಂದರೆ ಕೇಳಿದವರೂ ಸುಮ್ಮನಾಗುತ್ತಿದ್ದರು.

ಸಂಗಣ್ಣನ ಹೆಂಡತಿ ಹೊಳೆವ್ವನಿಗೆ ಮಾತ್ರ ಆ ಕೆಲಸದ ಬಗ್ಗೆ ನಾಚಿಕೆ ಇರಲಿಲ್ಲ. ಹೆಮ್ಮೆಯೇ ಇತ್ತು. ಡಾಕ್ಟರ್ ಫಕ್ರುದ್ದೀನರು ಹೈದರಾಬಾದಿನಲ್ಲಿ ಓದಿ ಬಂದವರು. ವಿಜಾಪುರದ ತಮ್ಮ ದವಾಖಾನೆಯ ಹಿಂದಿನ ಎರಡು ಕೋಣೆಗಳಲ್ಲಿ ಲ್ಯಾಬು ಮಾಡಿಕೊಂಡು ಸಂಶೋಧನೆ ನಡೆಸಿದ್ದರು. ಹೊಲದಲ್ಲಿ ದುಡಿಯುವವನ ವೀರ್ಯಾಣು ಎಷ್ಟು ಚುರುಕು, ಕುರ್ಚಿಯಲ್ಲಿ ಕೂತವನದು ಎಷ್ಟು ಚುರುಕು, ತಲೆ ಬಾಲ ಯಾರಲ್ಲಿ ನೆಟ್ಟಗೆ, ಯಾರಲ್ಲಿ ಸೊಟ್ಟ ಎನ್ನುವುದು ಅವರ ಪ್ರಶ್ನೆ. ಅದಕ್ಕಾಗಿ ಸುತ್ತಲ ಊರುಗಳ ಗಂಡಸರನ್ನು ಕರೆಸಿ, ಬಸ್ಸಿನ ಚಾರ್ಜು ಕೊಟ್ಟು, ಚಹಾ ಕುಡಿಸಿ ಕಳಿಸುತ್ತಿದ್ದರು. ಸಂಗಣ್ಣ ಅಲ್ಲಿ ಸಹಾಯಕನಾಗಿ ಸೇರಿ ಐದು ವರ್ಷವಾಗಿತ್ತು.

ಸಂಜೆ ಊಟಕ್ಕೆ ಕೂತನೆಂದರೆ ಅವನ ಬಾಯಿಯಲ್ಲಿ ಅದೇ ಮಾತು.

"ಇವತ್ತ ನಿಮ್ಮ ಬಿಜ್ಜರಗಿಯಂವ ಒಬ್ಬ ಬಂದಿದ್ದ ನೋಡು. ಅವನ ಹುಳ ಅಂದ್ರ ಏನ್ ಓಟ! ಗಾಜಿನ ಮ್ಯಾಲ ಸಣ್ಣ ಸಣ್ಣ ಚೌಕ ಕೊರದಿರ್ತಾರ. ಒಂದು ಚೌಕ ದಾಟಾಕ ಎಷ್ಟ ಹೊತ್ತ ಹಿಡೀತೈತಿ ಅಂತ ಡಾಕ್ಟರ ಗಡಿಯಾರ ಹಿಡದು ನೋಡ್ತಾರ. ಅವರು ಗುಂಡಿ ಒತ್ತೂದರಾಗ ಇವು ದಾಟಿ ಹೋಗಿಬಿಟ್ಟಿರ್ತಾವ."

"ನಮ್ಮೂರ ಮಂದಿ ನಡಿಯೂದೂ ಹಂಗ ಐತಲ್ರಿ," ಎಂದು ಹೊಳೆವ್ವ ನಗುತ್ತ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

"ಎಲ್ಲಾರವೂ ಹಂಗಿರಂಗಿಲ್ಲ. ಕೆಲವಕ್ಕ ಎರಡ ತಲಿ. ಕೆಲವಕ್ಕ ಬಾಲ ಚಕ್ಕಲಿ ಹಂಗ ಸುತ್ತಿರತೈತಿ. ಬಣ್ಣಾ ಹಾಕಿ ಒಣಗಿಸಿದ ಮ್ಯಾಲ ಎಲ್ಲಾ ಕಾಣತೈತಿ."

"ಊಟದಾಗ ಹೇಸಿಗಿ ಮಾತ ಸಾಕ ಮಾಡೋ," ಎಂದು ಕಿರಿಯ ಮಗನಿದ್ದ ಟಿಕೋಟಾದಿಂದ ಬಂದಿದ್ದಾಗಲೆಲ್ಲ ರಾಚವ್ವ ಗದರುತ್ತಿದ್ದಳು. ಗದರಿದರೂ ಕಿವಿ ಇತ್ತ ಕಡೆಯೇ ಇರುತ್ತಿತ್ತು.

ಹುಳಗಳಿಗೆ ಥಂಡಿ ಆಗಿಬರುವುದಿಲ್ಲ ಎಂಬುದನ್ನೂ ಹೊಳೆವ್ವ ಹೀಗೆ ಊಟದಲ್ಲೇ ಕಲಿತಿದ್ದಳು. ಮನೆಯಿಂದ ಬಾಟಲಿ ತರುವವರಿಗೆ ಲ್ಯಾಬಿನಲ್ಲಿ ಕಟ್ಟುನಿಟ್ಟಾಗಿ ಹೇಳುತ್ತಿದ್ದರು: ಕಿಸೆಯಲ್ಲಿ ಇಡಬೇಡಿ, ಕೈಯಲ್ಲಿ ಹಿಡಿಯಬೇಡಿ, ಅಂಗಿಯ ಒಳಗೆ ಎಡ ಬಗಲಲ್ಲಿ ಅವಚಿಕೊಂಡು ಬನ್ನಿ, ಮೈಯ ಕಾವು ತಪ್ಪಬಾರದು. ಚಳಿಗಾಲದಲ್ಲಿ ಒಮ್ಮೆ ಗಂಡನಿಗೆ ಬುತ್ತಿ ಕೊಡಲು ಹೋದಾಗ ಆಕೆ ನೋಡಿದ್ದಳು. ಬಾಕಿನ ಮೇಲೆ ಸಾಲಾಗಿ ಕೂತ ಗಂಡಸರು, ಎಲ್ಲರ ಎಡಗೈಯೂ ಪಕ್ಕೆಗೆ ಅಂಟಿಕೊಂಡಿದೆ, ಎಲ್ಲರೂ ಬಲಗೈಯಿಂದ ಚಹಾ ಕುಡಿಯುತ್ತಿದ್ದಾರೆ, ಒಬ್ಬನೂ ಎಡಗೈ ಎತ್ತುವುದಿಲ್ಲ. ಕಾವಿಗೆ ಕೂತ ಕೋಳಿಗಳ ಹಾಗೆ ಕಂಡಿದ್ದರು. ಮನೆಗೆ ಬರುವತನಕ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಿದ್ದಳು. ಆ ನಗು ಮುಂದೆ ತನಗೇ ತಿರುಗಿ ಬೀಳುತ್ತದೆಂದು ಆಗ ಏನು ಗೊತ್ತು, ಪಾಪ.

ಮದುವೆಯಾಗಿ ಹತ್ತು ವರ್ಷವಾದರೂ ಹೊಳೆವ್ವನ ಮಡಿಲು ತುಂಬಿರಲಿಲ್ಲ. ಹೇಳಿದ ದೇವರಿಗೆಲ್ಲ ಒದ್ದೆ ಸೀರೆಯಲ್ಲಿ ಸುತ್ತು ಹಾಕಿದ್ದಾಯಿತು. ಬೇವಿನ ರಸ, ಒಣ ಶುಂಠಿ, ಹೆಸರೇ ಇಲ್ಲದ ಬೇರು, ಯಾರು ಏನು ಕೊಟ್ಟರೂ ಕುಡಿದಿದ್ದಾಯಿತು. ಸೊಲ್ಲಾಪುರಕ್ಕೆ ಎರಡು ಸಲ ಹೋಗಿ ಗರ್ಭಚೀಲ ತೊಳೆಸಿಕೊಂಡು ಬಂದಿದ್ದಳು, ಮೂರು ವರ್ಷದ ಹಿಂದೆ ಒಮ್ಮೆ, ಹೋದ ವರ್ಷ ಮತ್ತೊಮ್ಮೆ. ಎರಡನೆಯ ಸಲ ಜ್ವರ ಬಂದು ಸಾವಿನ ಬಾಗಿಲು ತಟ್ಟಿ ಬಂದಳು. ಆಗ ಸಂಗಣ್ಣ ತಲೆದಿಂಬಿನ ಹತ್ತಿರ ಕೂತು, ಮೋಸಂಬಿ ಸುಲಿದು, ಬೀಜ ತೆಗೆದು, ಒಂದೊಂದೇ ಎಸಳು ಬಾಯಿಗೆ ಇಟ್ಟಿದ್ದ. ಲೋಕದ ಜನ ಬಂಜೆ ಎಂದಾಗಲೆಲ್ಲ ಹೊಳೆವ್ವ ಆ ಮೋಸಂಬಿಯನ್ನು ನೆನೆಸಿಕೊಳ್ಳುತ್ತಿದ್ದಳು. ಗಂಡ ನನ್ನವನು ಎಂಬ ಒಂದು ಧೈರ್ಯ ಆಕೆಗೆ ಸಾಕಾಗಿತ್ತು.

ಎಪ್ಪತ್ನಾಲ್ಕನೆಯ ಇಸವಿಯ ದೀಪಾವಳಿ ಮುಗಿದ ಮೇಲೆ ರಾಚವ್ವ ಟಿಕೋಟಾದಿಂದ ಶೇಂಗಾದ ಚೀಲದ ಜೊತೆ ಒಂದು ಸಂಬಂಧವನ್ನೂ ಹೊತ್ತು ತಂದಳು.

"ಬಬಲೇಶ್ವರದ ಆಕಡೆ ಜೈನಾಪುರದ ಮಲಕಾಜಪ್ಪನ ಮಗಳು," ಎಂದಳು ಶೇಂಗಾ ಸುಲಿಯುತ್ತ. "ಕುರಿ ಅದಾವ, ಹೊಲಾ ಐತಿ. ಹುಡುಗಿ ಗಟ್ಟಿಮುಟ್ಟ ಅದಾಳ."

"ಯಾರಿಗಿ ಅತ್ತಿ?" ಎಂದಳು ಹೊಳೆವ್ವ. ಕೇಳುವಾಗಲೇ ಗೊತ್ತಾಗಿತ್ತು.

"ಯಾರಿಗಿ ಅಂದ್ರ? ನನಗೇನ ಮದಿವಿ ಆಗೂದೈತೇನ? ಹತ್ತ ವರ್ಷ ಕಾದೀನಿ ಹೊಳೆವ್ವಾ. ನಿನ್ನ ಹೊರಗ ಹಾಕಂಗಿಲ್ಲ. ನೀ ಹಿರ್ಯಾಕಿ, ಒಲಿ ನಿಂದ, ಕೀಲಿಕೈ ನಿಂದ. ಆಕಿ ಹಡದ ಕೂಸು ನಿನ್ನ ತೊಡಿ ಮ್ಯಾಲ ಬೆಳೀತೈತಿ."

ಎರಡನೆಯ ಮದುವೆಗೆ ಕಾಯ್ದೆ ಒಪ್ಪುವುದಿಲ್ಲ ಎಂದು ಪಕ್ಕದ ಮನೆಯ ಮಾಸ್ತರರು ಆಗಲೇ ಹೇಳಿದ್ದರಂತೆ. "ಮೊದಲನೇದಾಕಿ ಬಾಯಿ ತುಂಬ ಒಪ್ಪಿದ ಮ್ಯಾಲ ಕಾಯ್ದೆ ಎಲ್ಲಿಂದ ಬರತೈತಿ?" ಎಂದು ರಾಚವ್ವ ಅವರ ಬಾಯಿ ಮುಚ್ಚಿಸಿದ್ದಳು.

ಹೊಳೆವ್ವ ಗಂಡನ ಕಡೆ ತಿರುಗಿದಳು. "ನೀವೇನಂತೀರಿ?"

ಸಂಗಣ್ಣ ರೊಟ್ಟಿಯನ್ನು ಬೇಕಾದ್ದಕ್ಕಿಂತ ಸಣ್ಣದಾಗಿ ಮುರಿಯುತ್ತಿದ್ದ. "ಅವ್ವ ಹೇಳಾಕತ್ತಾಳ. ನಾ ಏನ್ ಹೇಳ್ಲಿ."

"ಬ್ಯಾಡ ಅನ್ರಿ."

"ಶೇಂಗಾ ಹಿಂಡಿ ಹಾಕು," ಎಂದ ಸಂಗಣ್ಣ.

ಹೊಳೆವ್ವ ತಾಟಿಗೆ ಚಟ್ನಿಪುಡಿ ಹಾಕಿದಳು. ಅಂದು ತಾನು ಉಣ್ಣಲಿಲ್ಲ. ಉಂಡಳೋ ಇಲ್ಲವೋ ಎಂದು ಯಾರೂ ಕೇಳಲೂ ಇಲ್ಲ.

ಮುಂದಿನ ವಾರ ಜೈನಾಪುರದಿಂದ ಮಲಕಾಜಪ್ಪ ಬಂದ. ಹೆಗಲ ಮೇಲೆ ಕಂಬಳಿ, ಮಾತು ಸಣ್ಣಗೆ, ಕಣ್ಣು ಚೂಪು. ಝುಣಕ ರೊಟ್ಟಿ ಉಂಡು, ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು ಹೇಳಿದ:

"ಯಕ್ಕಾ, ಸೊಸಿದು ದೋಷ ಅಂತ ನೀವು ಹೇಳ್ತೀರಿ. ಇರಬಹುದು. ಆದ್ರ ನಾ ಹಿಂಡಿಗೊಂದು ಟಗರ ಕೊಳ್ಳಾಕ ಹ್ವಾದ್ರೂ ನೋಡಲಾರದ ಕೊಳ್ಳಂಗಿಲ್ಲ. ಇದು ಮಗಳ ಬಾಳೇವು. ನಿಮ್ಮ ಹುಡುಗ ಅದ ಕೆಲಸದಾಗ ಅದಾನಲ್ಲ, ತನ್ನದೊಂದು ಹನಿ ಡಾಕ್ಟರಿಗೆ ತೋರಸಲಿ. ನಾ ಜೋಡಿಗೆ ಹೋಗ್ತೇನಿ. ಡಾಕ್ಟರ ಬಾಯಿಂದ ಕೇಳ್ತೇನಿ."

ರಾಚವ್ವ ನಕ್ಕಳು. "ಅದಕ್ಕೇನ್ರಿ, ದಿನಾ ಊರ ಮಂದೀದು ನೋಡ್ತಾನ, ತನ್ನದು ತೋರಸಾಕ ಏನ್ ದಾಡಿ!"

ಎಲ್ಲರೂ ನಕ್ಕರು. ಸಂಗಣ್ಣನೂ ನಕ್ಕ, ಎಲ್ಲರಿಗಿಂತ ತಡವಾಗಿ. ಬಾಗಿಲ ಮರೆಯಲ್ಲಿ ನಿಂತ ಹೊಳೆವ್ವನಿಗೆ ಎದೆಯಲ್ಲಿ ಏನೋ ಆಸೆ ಅಲುಗಾಡಿತು. ದೋಷ ಅವನಲ್ಲೇ ಇದ್ದರೆ? ಮರುಗಳಿಗೆಯೇ ಗಂಡನಿಗೆ ಕೆಡಕು ಬಯಸಿದೆನಲ್ಲ ಎಂದು ತಾನೇ ಕೆನ್ನೆಗೆ ಹೊಡೆದುಕೊಂಡಳು.

ಪರೀಕ್ಷೆಯ ಹಿಂದಿನ ದಿನ ಸಂಜೆ ಸಂಗಣ್ಣನ ತಮ್ಮ ಬೀರಣ್ಣ ಟಿಕೋಟಾದಿಂದ ಬಂದಿಳಿದ. ಜೊತೆಗೆ ಹೆಂಡತಿ ಮಲಕವ್ವ, ಆಗತಾನೇ ನಡೆಯಲು ಕಲಿತ ಮೂರನೆಯ ಕೂಸು. ಪ್ಯಾಟೆಯಲ್ಲಿ ಕೆಲಸವಿದೆ ಎಂದರು. ಮಲಕವ್ವ ಬಂದಳೆಂದರೆ ಹೊಳೆವ್ವನಿಗೆ ತಂಗಿ ಬಂದಷ್ಟು ಖುಷಿ. ಅವಳ ಮೂರೂ ಬಾಣಂತನ ಹೊಳೆವ್ವನೇ ಮಾಡಿದ್ದಳು. ಬಂಜೆಯ ಕೈಯಿಂದ ಬಾಣಂತನ ಬೇಡ ಎಂದು ಊರವರು ಮೂಗು ಮುರಿದಾಗ, "ನನ್ನ ಅಕ್ಕನ ಕೈ ಮುಟ್ಟಿದ್ರ ನನ್ನ ಕೂಸಿಗೆ ಆಯುಷ್ಯ" ಎಂದು ಜಗಳಕ್ಕೆ ನಿಂತವಳು ಮಲಕವ್ವ.

ಬೆಳಿಗ್ಗೆ ಹಲ್ಲು ಕಡಿಯುವ ಚಳಿ. ಮಲಕಾಜಪ್ಪ ಬೇಗ ಬಂದು ಕಟ್ಟೆಯ ಮೇಲೆ ಕೂತ. ಬೀರಣ್ಣ ಬಚ್ಚಲಿಗೆ ಹೋಗಿ ಬಹಳ ಹೊತ್ತು ಕಳೆದು ಹೊರಗೆ ಬಂದು, ಅಂಗಿ ಹಾಕಿಕೊಂಡು, ಮಲಕಾಜಪ್ಪನ ಪಕ್ಕದಲ್ಲಿ ಕೂತ. ಹೊಳೆವ್ವ ಚಹಾ ತಂದಳು. ಅವನು ಬಲಗೈಯಲ್ಲಿ ಕಪ್ಪು ತೆಗೆದುಕೊಂಡ, ಬಸಿಯನ್ನು ಆಕೆಯ ಕೈಯಲ್ಲೇ ಬಿಟ್ಟ.

"ಬಸಿ ಬ್ಯಾಡೇನ ಬೀರಣ್ಣ? ಸುಡತೈತಿ."

"ಇರಲಿ ವೈನಿ."

ಅಷ್ಟರಲ್ಲಿ ಕೂಸು ತಪ್ಪುಹೆಜ್ಜೆ ಹಾಕುತ್ತ ಅಪ್ಪನ ಹತ್ತಿರ ಬಂದು ಎರಡೂ ಕೈ ಮೇಲೆತ್ತಿತು. ಬೀರಣ್ಣ ನೋಡದವನಂತೆ ಕೂತ. ಕೂಸು ಅವನ ಎಡಗೈಗೆ ಜೋತುಬಿತ್ತು. ಅವನು ಕಪ್ಪು ಕೆಳಗಿಟ್ಟು ಬಲಗೈಯಿಂದ ಅದನ್ನು ಆಚೆ ತಳ್ಳಿದ. ಕೂಸು ಬಿದ್ದು ಓಣಿ ಒಂದಾಗುವಂತೆ ಅತ್ತಿತು. ಮೂರು ಮಕ್ಕಳಲ್ಲಿ ಇದೊಂದರ ಮೇಲೆ ಜೀವ ಇಟ್ಟುಕೊಂಡಿದ್ದವನು, ಆದರೂ ಎಡಗೈ ಪಕ್ಕೆಯನ್ನು ಬಿಡಲಿಲ್ಲ.

"ಎತಗೊಳ್ಳೋ ತಮ್ಮಾ, ಅಳಾಕತ್ತೈತಿ," ಎಂದ ಮಲಕಾಜಪ್ಪ.

"ಅತ್ರ ಅಳಲಿ ಬಿಡ್ರಿ."

ಸಂಗಣ್ಣ ಖಾಲಿ ಬಾಟಲಿ ಹಿಡಿದು ಎಲ್ಲರೂ ನೋಡುವಂತೆ ಬಚ್ಚಲಿಗೆ ಹೋದ. ಸ್ವಲ್ಪ ಹೊತ್ತಿಗೆ ಒಳಗಿನಿಂದ, "ಬೀರಾ, ಹಂಡೆ ಇಳಿಸೂದೈತಿ, ಬಾ ಇಲ್ಲೆ" ಎಂದು ಕೂಗಿದ. ಬೀರಣ್ಣ ಎದ್ದು ಹೋದ. ಅಣ್ಣ ತಮ್ಮಂದಿರು ಬಚ್ಚಲ ಗೋಡೆಯ ಮರೆಗೆ ನಿಂತದ್ದು ಅಡಿಗೆಮನೆಯಿಂದ ಕಂಡಿತು. ಹಂಡೆ ಇಳಿಸಿದ ಸಪ್ಪಳ ಮಾತ್ರ ಬರಲಿಲ್ಲ. ಬೀರಣ್ಣ ಹೊರಗೆ ಬಂದವನೇ ಕೂಸನ್ನು ಎರಡೂ ಕೈಯಿಂದ ಎತ್ತಿ, ಜಂತಿಗೆ ಮುಟ್ಟಿಸುವಂತೆ ಹಾರಿಸಿ, ಮುದ್ದಿಟ್ಟ. ಅವನ ಹಿಂದೆ ಬಂದ ಸಂಗಣ್ಣನ ಎಡಗೈ ಈಗ ಪಕ್ಕೆಗೆ ಅಂಟಿಕೊಂಡಿತ್ತು.

"ನಡೀರಿ ಮಾವಾರ, ಕಾವು ಆರೂದರಾಗ ಮುಟ್ಟೂಣು," ಎಂದ.

ಹೊಳೆವ್ವನ ಕೈಯಲ್ಲಿದ್ದ ಬಸಿ ಕೆಳಗೆ ಬಿದ್ದು ಒಡೆಯಿತು.

ಮಧ್ಯಾಹ್ನ ಮಲಕಾಜಪ್ಪ ಕುಣಿಯುತ್ತಲೇ ಬಂದ. "ಡಾಕ್ಟರು ನನಗೂ ಹುಳ ನೋಡೂ ದುರ್ಬೀನ ಹಚ್ಚಿ ತೋರಸಿದ್ರು ಯಕ್ಕಾ! ಬೆಳಿಗ್ಗೆ ಹಟ್ಟಿ ಬಾಗಲಾ ತಗದಾಗ ಕುರಿ ನುಗ್ಗತಾವಲ್ಲ, ಹಂಗ ನುಗ್ಗಾಕತ್ತಿದ್ದು. ಇಷ್ಟ ಚಲೋ ಬಹಳ ಕಡಿಮಿ ಮಂದಿಗೆ ಇರತೈತಿ ಅಂದ್ರು." ರಾಚವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಹೊಳೆವ್ವನ ಕೈಗೂ ಒಂದು ಚಿಟಿಕೆ ಬಿತ್ತು.

ಅಂದು ಸಂಜೆ ಊಟಕ್ಕೆ ಬಡಿಸುತ್ತ ಆಕೆ ಕೇಳಿದಳು. "ಬೀರಣ್ಣ ಮುಂಜಾನಿ ಕೂಸಿನ್ನ ಯಾಕ ಎತಗೊಳ್ಳಲಿಲ್ರಿ?"

"ಯಾವ ಕೂಸು?"

"ಅವನ ಕೂಸು."

"ನನಗೇನ ಗೊತ್ತು? ಪಲ್ಯಾಕ ಎಷ್ಟ ಉಪ್ಪ ಹಾಕಿ ಇದು? ಮನಷಾರು ತಿನ್ನೂದೇನ?" ಸಂಗಣ್ಣ ತಾಟು ಸರಿಸಿ ಎದ್ದು ಹೋದ. ಹೊಳೆವ್ವ ಪಲ್ಯ ಬಾಯಿಗೆ ಹಾಕಿ ನೋಡಿದಳು. ಉಪ್ಪು ಸರಿಯಾಗಿಯೇ ಇತ್ತು.

ಎಳ್ಳಮಾವಾಸ್ಯೆಗೆ ಎಲ್ಲರೂ ಟಿಕೋಟಾದ ಹೊಲಕ್ಕೆ ಹೋದರು. ಭೂಮಿತಾಯಿಗೆ ಚರಗ, ಅಂದರೆ ಅಡಿಗೆಯ ಎಡೆ, ಚೆಲ್ಲುವ ಹಬ್ಬ. ಅಡಿಗೆ ನಸುಕಿನಲ್ಲೇ ಶುರು. ಒಲೆಯ ಮುಂದೆ ನೆಗೆಣ್ಣಿಯರಿಬ್ಬರೇ ಇದ್ದರು, ಹೊಳೆವ್ವ ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು, ಮಲಕವ್ವ ಬೇಯಿಸುತ್ತಿದ್ದಳು.

"ಮಲಕವ್ವಾ, ನನ್ನ ಮಾರಿ ನೋಡಿ ಹೇಳು. ಅವತ್ತ ಬೀರಣ್ಣನ ಬಗಲಾಗ ಏನಿತ್ತು?"

ಮಲಕವ್ವನ ಕೈಯ ರೊಟ್ಟಿ ಹಂಚಿನ ಮೇಲೆಯೇ ಕರಕಾಯಿತು. ಸುತ್ತ ನೋಡಿದಳು. ಆಮೇಲೆ ಕಣ್ಣಲ್ಲಿ ನೀರು ತಂದಳು.

"ನಿಮ್ಮ ಯಜಮಾನ್ರು ಇವರ ಕಾಲ ಹಿಡದಾರಂತ ಅಕ್ಕಾ. 'ನಂದು ಕೆಟ್ಟೈತೋ ತಮ್ಮಾ, ನನ್ನ ಮಾನಾ ಉಳಸು, ನಿಂದೊಂದು ಬಾಟ್ಲಿ ಕೊಡು' ಅಂದ್ರಂತ. ಅಣ್ಣ ಕಾಲ ಹಿಡದ್ರ ತಮ್ಮ ಏನ್ ಮಾಡ್ಯಾನು?"

ಹೊಳೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅಳುತ್ತಿದ್ದಳು, ಅತ್ತರೆ ರಾಚವ್ವ ಬರುತ್ತಿದ್ದಳು. "ಆ ಹುಡುಗಿ ಬಂದು ಹತ್ತ ವರ್ಷದ ಮ್ಯಾಲ ಆಕಿನ್ನೂ ಬಂಜಿ ಅಂತಾರ. ಇದನ್ನ ನಾಕ ಮಂದಿ ಮುಂದ ಹೇಳ್ತೀಯೇನ?"

"ಹೇಳ್ತೇನಿ ಅಕ್ಕಾ. ಈ ಚರಗದ ಗಡಿಗಿ ಮುಟ್ಟಿ ಹೇಳ್ತೇನಿ. ನನ್ನ ಮೂರ ಬಾಣಂತನಾ ಮಾಡೀಯಲ್ಲ, ಅಷ್ಟ ಋಣಾ ಇಲ್ಲೇನ ನನಗ?" ಎಂದು ಮಲಕವ್ವ ಹಿಟ್ಟಿನ ಕೈಯಿಂದಲೇ ಗಡಿಗೆ ಮುಟ್ಟಿದಳು.

ಹೊಳೆವ್ವ ಅವಳನ್ನು ನಂಬಿದಳು. ನಂಬದೆ ಇನ್ನು ಯಾರನ್ನು ನಂಬಬೇಕಿತ್ತು?

ಮಾತು ಪಕ್ಕಾ ಮಾಡಿ ಸಕ್ಕರೆ ಹಂಚುವ ಕಾರ್ಯ ಜಲನಗರದ ಮನೆಯಲ್ಲೇ ಎಂದು ಗೊತ್ತಾಯಿತು. ಹೆಣ್ಣಿನ ಮನೆಯಲ್ಲಿ ಆಗಬೇಕಾದದ್ದು, ಆದರೆ ಮಲಕಾಜಪ್ಪ ಹಟ ಹಿಡಿದ. ಹಿರಿಯ ಹೆಂಡತಿ ತನ್ನ ಮನೆಯಲ್ಲಿ, ತನ್ನ ಕೈಯಾರೆ, ಬರುವವಳ ಹೆಸರಿನಲ್ಲಿ ಉಡಿ ತುಂಬಬೇಕು. ಸವತಿಯ ಕಣ್ಣೀರು ದಾಟಿ ಬಂದ ಹೆಣ್ಣು ಬಾಳುವುದಿಲ್ಲ ಎಂಬುದು ಅವರ ಕಡೆಯ ನಂಬಿಕೆ. ಹುಡುಗಿಯ ಬದಲು ಅವಳ ತಾಯಿ ಸಕ್ರವ್ವ ಆ ಉಡಿ ಹಿಡಿದುಕೊಂಡು ಹೋಗುವುದೆಂದಾಯಿತು.

ಬೆಳಗಿನಿಂದ ಹೊಳೆವ್ವ ಹೂರಣ ರುಬ್ಬಿದಳು, ಹೋಳಿಗೆ ತಟ್ಟಿದಳು, ಕಟ್ಟಿನ ಸಾರು ಕುದಿಸಿದಳು. ಸವತಿಯ ಸಂಬಂಧಕ್ಕೆ ತಾನೇ ಬೆವರು ಸುರಿಸುವ ಹಣೆಬರಹ. ರಾಚವ್ವ ದೊಡ್ಡ ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಮೇಲೆ ಒಂದು ಹಸಿರು ಖಣ ಇಟ್ಟು ದೇವರ ಮುಂದೆ ಸರಿಸಿದಳು.

"ನಗಮಾರಿ ಇರಲಿ," ಎಂದಳು. "ಬೀಗರು ನೋಡ್ತಿರ್ತಾರ."

ಗಂಡಸರ ಪಂಕ್ತಿ ಕೂತಿತು. ಮಲಕಾಜಪ್ಪ, ಅವನ ಪಕ್ಕ ಸಂಗಣ್ಣ, ಆಚೆ ಬೀರಣ್ಣ. ಸಕ್ರವ್ವ, ಮಲಕವ್ವ, ರಾಚವ್ವ ಗೋಡೆಗೆ ಒರಗಿ ಕೂತಿದ್ದರು. ಹೊಳೆವ್ವ ಎಲ್ಲರ ತಾಟಿಗೆ ಹೋಳಿಗೆ ಹಾಕಿದಳು, ತುಪ್ಪ ಬಿಟ್ಟಳು. ಹಿರಿಯ ಹೆಂಡತಿ ಒಪ್ಪಿದೆ ಎನ್ನುವವರೆಗೆ ಬೀಗರು ಸಿಹಿ ಮುಟ್ಟುವಂತಿಲ್ಲ. ಎಲ್ಲರ ಕೈ ತಾಟಿನ ಮೇಲೆಯೇ ನಿಂತಿತ್ತು.

"ಹೇಳ ಯವ್ವಾ," ಎಂದ ಮಲಕಾಜಪ್ಪ. "ನಿನ್ನ ಮನಸಿನಾಗ ಏನೂ ಇಲ್ಲಲಾ?"

ಹೊಳೆವ್ವ ತುಪ್ಪದ ಗಿಂಡಿ ಕೆಳಗಿಟ್ಟಳು. "ಒಂದ ಮಾತ ಐತ್ರಿ. ಇವರು ಇನ್ನೊಮ್ಮೆ ಡಾಕ್ಟರಿಗೆ ತೋರಸಲಿ. ಮನಿಯಿಂದ ಒಯ್ಯೂದ ಬ್ಯಾಡ. ಅಲ್ಲೇ ದವಾಖಾನ್ಯಾಗ ಕೊಡಲಿ. ಬೀರಣ್ಣ ಟಿಕೋಟಾದಾಗ ಇರಲಿ."

ಮೊದಲು ಬಾಯಿ ಬಂದದ್ದು ರಾಚವ್ವನಿಗೆ. "ಹೊಟ್ಟಿಕಿಚ್ಚ ನೋಡ್ರಿ ಇದರದು! ತಾ ಹಡೀಲಿಲ್ಲ, ಹಡಿಯಾಕಿನ್ನ ಬರಗೊಡಂಗಿಲ್ಲ!"

"ಆ ಬಾಟ್ಲಿ ಇವರದಲ್ರಿ," ಎಂದಳು ಹೊಳೆವ್ವ ಮಲಕಾಜಪ್ಪನಿಗೆ. "ಬೀರಣ್ಣಂದು. ಮಲಕವ್ವನ ಕೇಳ್ರಿ. ಆಕಿಗಿ ಗೊತ್ತೈತಿ. ಹೇಳ ಮಲಕವ್ವಾ."

ಮಲಕವ್ವ ಗಂಡನ ಮುಖ ನೋಡಿದಳು. ಅತ್ತೆಯ ಮುಖ ನೋಡಿದಳು. ಹೊಳೆವ್ವನ ಮುಖ ಬಿಟ್ಟು ಉಳಿದೆಲ್ಲ ನೋಡಿದಳು.

"ನನಗೇನೂ ಗೊತ್ತಿಲ್ಲವಾ," ಎಂದಳು. "ಅಕ್ಕ ಏನೇನೋ ಅನ್ನಾಕತ್ತಾಳ. ಮಕ್ಕಳಿಲ್ಲದ ಜೀವ, ತಲಿ ಕೆಟ್ಟಿರಬೇಕು."

ಅತ್ತೆ ಬೈದದ್ದು ಹೊಳೆವ್ವನಿಗೆ ಮುಟ್ಟಿರಲಿಲ್ಲ. ಇದು ಮುಟ್ಟಿತು. ಮೂರು ಬಾಣಂತನದ ಎಣ್ಣೆ ನೀರು, ಮೂರು ಕೂಸುಗಳ ಮಲ ಮೂತ್ರ ಬಳಿದ ಈ ಕೈ, ಎಲ್ಲಾ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಆದರೆ ಬಾಯಿ ನಿಲ್ಲಲಿಲ್ಲ.

"ಹೋಗಲಿ ಬಿಡ್ರಿ. ಅವತ್ತ ನೀವೂ ಅಲ್ಲೇ ಕೂತಿದ್ರಿ. ಕೂಸು ಬಿದ್ದು ಅತ್ತಾಗ ಬೀರಣ್ಣ ಎಡಗೈ ಎತ್ತಿದ್ನೇನು? ಬಚ್ಚಲಕ್ಕ ಹೋಗಿಬಂದ ಮ್ಯಾಲ ಎರಡೂ ಕೈಲೆ ಎತ್ತಿದ. ಆವಾಗ ಇವರ ಕೈ ಕೆಳಗಿಳೀಲಿಲ್ಲ. ಬಗಲಾಗ ಬಾಟ್ಲಿ ಇಟಗೊಂಡ ಗಂಡಸರನ್ನ ನೀವು ದವಾಖಾನಿ ಬಾಕಿನ ಮ್ಯಾಲೂ ನೋಡೀರಿ."

ಮಲಕಾಜಪ್ಪ ತಾಟಿನತ್ತ ನೋಡುತ್ತ ಆ ಬೆಳಗನ್ನು ನೆನೆಸಿಕೊಂಡ. ಎತಗೊಳ್ಳೋ ತಮ್ಮಾ ಎಂದು ತಾನೇ ಹೇಳಿದ್ದು ನೆನಪಾಗಿರಬೇಕು. ನಿಧಾನವಾಗಿ ಸಂಗಣ್ಣನ ಕಡೆ ತಿರುಗಿದ.

"ಏಳು. ಡಾಕ್ಟರು ಇರ್ತಾರ ಈಗ. ಇಬ್ಬರೂ ಹೋಗಿಬರೂಣು. ಆಮ್ಯಾಲ ಕುಂತು ಹೋಳಿಗಿ ತಿಂದ್ರಾತು."

"ಊಟಾ ಆಗಲಿ ಮಾವಾರ," ಎಂದ ಸಂಗಣ್ಣ.

"ಊಟಾ ಆದ ಮ್ಯಾಲ ಬರ್ತೀಯೇನು?"

"ಇವತ್ತ ಮೈಯಾಗ ಆರಾಮಿಲ್ಲ. ಮುಂದಿನ ವಾರ ನೋಡೂಣು."

ಮಲಕಾಜಪ್ಪ ಬೀರಣ್ಣನನ್ನು ನೋಡಿದ. ಬೀರಣ್ಣ ತುಪ್ಪ ಆರಿ ಗಟ್ಟಿಯಾಗುತ್ತಿದ್ದ ತನ್ನ ಹೋಳಿಗೆಯನ್ನು ನೋಡುತ್ತಿದ್ದ. ಅಷ್ಟು ಸಾಕಾಯಿತು. ಮಲಕಾಜಪ್ಪ ತಂಬಿಗೆ ಎಳೆದುಕೊಂಡು, ಸಿಹಿ ಮುಟ್ಟದ ಕೈಯನ್ನು ತಾಟಿನಲ್ಲೇ ತೊಳೆದು, ಕಂಬಳಿ ಕೊಡವಿ ಎದ್ದ. ಸಕ್ರವ್ವ ಹೊಸ್ತಿಲು ದಾಟಿ ಆಗಲೇ ಚಪ್ಪಲಿ ಮೆಟ್ಟಿದ್ದಳು.

ಬಾಗಿಲಲ್ಲಿ ಅವನು ಹೊಳೆವ್ವನ ಮುಂದೆ ನಿಂತ. "ನನ್ನ ಮಗಳನ್ನ ಉಳಿಸಿದಿ ಯವ್ವಾ. ನಿನ್ನ ಉಳಸೋರು ಯಾರು?" ಎಂದ. ಉತ್ತರಕ್ಕೆ ಕಾಯದೆ ಹೋದ.

ಅವರು ಓಣಿ ತಿರುಗಿದ್ದೇ ತ‌ಡ, ರಾಚವ್ವ ಎದೆ ಬಡಿದುಕೊಂಡಳು. "ನನ್ನ ಮಗನ ಮಾನಾ ಹರಾಜಿಗಿ ಹಾಕಿದೆಲ್ಲ ಬೇ! ಉಂಡ ಮನಿ ಜಂತಿ ಎಣಿಸಿದೆಲ್ಲ!"

"ಅತ್ತಿ," ಎಂದಳು ಹೊಳೆವ್ವ. "ನಿಮಗೂ ಗೊತ್ತಿತ್ತೇನು?"

ರಾಚವ್ವನ ಕೈ ಎದೆಯ ಮೇಲೆ ನಿಂತಿತು. ಸುಳ್ಳು ಹೇಳುವುದೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿದಳು. ಸಿಟ್ಟು ಯೋಚನೆಯನ್ನು ನುಂಗಿತು.

"ಗೊತ್ತಿತ್ತು. ಹೋದ ಯುಗಾದಿಗಿ ಹೇಳಿದ, ಹಡದಾಕಿಗಿ ಹೇಳಲಾರದ ಇರ್ತಾನೇನು? ಗಂಡಸಿನ ಮಾನಾ ಹ್ವಾದ್ರ ಮನಿ ಹೋಗತೈತಿ. ಹೆಂಗಸಿನ ಮಾನಾ ಹ್ವಾದ್ರ ಏನ್ ಹೋಗತೈತಿ, ಇನ್ನೊಬ್ಬಾಕಿ ಬರ್ತಾಳ. ಇಷ್ಟ ತಿಳಿಲಿಲ್ಲ ನಿನಗ?"

"ಇನ್ನೊಬ್ಬಾಕಿ ಬಂದ್ರ ಮಾತ್ರ ಹಡೀತಿದ್ಲೇನು?"

"ದೇವರು ಕಣ್ಣ ತಗೀತಿದ್ದ. ಇಲ್ಲಾಂದ್ರ ಬೀರಣ್ಣನ ಕೂಸೊಂದನ್ನ ಉಡಿಯಾಗ ಹಾಕತಿದ್ದೆ. ಇಬ್ಬರು ಹೆಂಡರಿದ್ರೂ ಆಗಲಿಲ್ಲಂದ್ರ ಮಂದಿ ದೇವರನ್ನ ಬೈತಿದ್ರು, ನನ್ನ ಮಗನ್ನ ಬೈತಿರಲಿಲ್ಲ."

ಬೀರಣ್ಣ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮಧ್ಯಾಹ್ನದ ಬಸ್ಸಿಗೇ ಹೊರಟ. ಮಲಕವ್ವ ಹೋಗುವಾಗ, "ಅಕ್ಕಾ, ನನಗೂ ಸಂಸಾರ ಐತಿ" ಎಂದು ಸಣ್ಣಗೆ ಅಂದಳು. ಹೊಳೆವ್ವ ಕೂಸಿನ ಕೈಗೆ ಒಂದು ಹೋಳಿಗೆ ಕೊಟ್ಟಳು.

ರಾಚವ್ವ ಕಟ್ಟೆಗೆ ಹೋಗಿ ಕೂತ ಮೇಲೆ ಸಂಗಣ್ಣ ಒಳಗೆ ಬಂದ. ಉಣ್ಣದೆ ಉಳಿದ ತಾಟುಗಳ ನಡುವೆ ಹೊಳೆವ್ವ ಕೂತಿದ್ದಳು. ಅವನು ಅವಳೆದುರು ಕುಕ್ಕರಗಾಲಲ್ಲಿ ಕೂತ. ಮೋಸಂಬಿ ಸುಲಿಯುತ್ತಿದ್ದಾಗಿನ ಅದೇ ಮೆತ್ತನೆಯ ದನಿ.

"ಆದದ್ದಾತು. ಇನ್ನ ನನಗ ಯಾರ ಹೆಣ್ಣ ಕೊಡ್ತಾರ? ಯಾರೂ ಕೊಡಂಗಿಲ್ಲ. ನೀನ ಇರ್ತಿ, ನಾ ಇರ್ತೇನಿ. ನಿನಗ ಬೇಕಾದ್ದೂ ಅದ ಅಲ್ಲೇನ? ಒಂದ ಕೆಲಸಾ ಮಾಡು. ಸಿಟ್ಟಿನಾಗ ಸುಳ್ಳ ಹೇಳಿದೆ ಅಂತ ಓಣ್ಯಾಗ ಅಂದುಬಿಡು. ದೋಷ ಮೊದಲಿನಂಗ ನಿನ್ನ ಮ್ಯಾಲ ಇರಲಿ. ಸಾಯೂತನಕ ನಿನ್ನ ಕೈ ಬಿಡಂಗಿಲ್ಲ."

"ಮೊದಲನೇ ಸಲ ಯಾವಾಗ ನೋಡ್ಕೊಂಡ್ರಿ?" ಎಂದಳು ಹೊಳೆವ್ವ.

"ಏನು?"

"ದುರ್ಬೀನದಾಗ. ನಿಮ್ಮದನ್ನ."

ಸಂಗಣ್ಣ ನೆಲದ ಮೇಲೆ ಚೆಲ್ಲಿದ ಅನ್ನದ ಅಗುಳು ಆರಿಸತೊಡಗಿದ. "ಸೇರಿದ ವರ್ಷ. ಡಾಕ್ಟರು ಊರಾಗ ಇರಲಿಲ್ಲ. ಸುಮ್ಮ ಹಚ್ಚಿ ನೋಡಿದೆ. ಸತ್ತಿರಲಿಲ್ಲ, ಜೀವ ಇತ್ತು. ಆದ್ರ ಇದ್ದಲ್ಲೇ ಬಡಕೊಳ್ಳತಿದ್ದು. ಒಂದೂ ಚೌಕ ದಾಟಲಿಲ್ಲ. ಬಣ್ಣಾ ಹಾಕಿ ನೋಡಿದೆ, ಎಲ್ಲಾ ಬಾಲ ಸುತ್ತಿದ್ದು. ಥಂಡಿ ಹತ್ತಿರಬೇಕಂತ ಮತ್ತ ನೋಡಿದೆ. ಬ್ಯಾಸಿಗ್ಯಾಗೂ ನೋಡಿದೆ. ಹಂಗ ಇದ್ದು."

"ಅಂದ್ರ ಸೊಲ್ಲಾಪುರಕ್ಕ ಹೋಗೂಕಿಂತ ಮದಲ."

ಅವನು ಇನ್ನೊಂದು ಅಗುಳು ಆರಿಸಿದ.

"ಎರಡೂ ಸಲ. ಗೊತ್ತಿದ್ದು ಕರಕೊಂಡು ಹ್ವಾದ್ರಿ. ನಾ ನೋವಿಗಿ ಒದರಾಡೂದು ಹೊರಗ ಕೇಳಸ್ತಿತ್ತಂತ ಅಲ್ಲಿ ನರ್ಸಬಾಯಿ ಹೇಳಿದ್ಲು. ನೀವು ಹೊರಗ ಕುಂತಿದ್ರಿ."

"ಅವ್ವ ಕೇಳಲಿಲ್ಲ. ಬ್ಯಾಡ ಅಂದ್ರ ಯಾಕ ಬ್ಯಾಡ ಅಂತಿದ್ಲು. ನಿನ್ನ ಸಲುವಾಗಿ ಮೋಸಂಬಿ..."

"ಹೌದು. ಬೀಜ ತಗದು ಕೊಟ್ರಿ."

ಆಕೆ ಎದ್ದಳು. ತಾಟುಗಳನ್ನು ಎತ್ತಲಿಲ್ಲ, ನೆಲ ಬಳಿಯಲಿಲ್ಲ. ಹತ್ತು ವರ್ಷದಲ್ಲಿ ಆ ಮನೆಯ ಎಂಜಲು ಹಾಗೆಯೇ ಬಿದ್ದದ್ದು ಅದೇ ಮೊದಲು. ಕೀಲಿಕೈ ಗೊಂಚಲನ್ನು ನಡುವಿನಿಂದ ಬಿಚ್ಚಿ ಒಲೆಯ ಕಟ್ಟೆಯ ಮೇಲಿಟ್ಟಳು. ದೇವರ ಮುಂದೆ ಹೋಗಿ ಕೂತು, ಸೆರಗು ಹಾಸಿ, ತಾಟಿನಲ್ಲಿದ್ದ ಅಕ್ಕಿಯನ್ನು ಬೊಗಸೆಯಿಂದ ತನ್ನ ಉಡಿಗೆ ಹಾಕಿಕೊಂಡಳು. ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು ಹಾಕಿಕೊಂಡಳು. ಮೇಲೆ ಹಸಿರು ಖಣ ಇಟ್ಟು ಗಂಟು ಬಿಗಿದಳು. ಮನೆ ಬಿಟ್ಟು ಹೊರಟ ಹೆಣ್ಣಿಗೆ ಹಿರಿಯರು ಉಡಿ ತುಂಬುತ್ತಾರೆ. ತನ್ನ ಉಡಿಯನ್ನು ತಾನೇ ತುಂಬಿಕೊಂಡವರನ್ನು ಆ ಓಣಿ ಅದುವರೆಗೆ ನೋಡಿರಲಿಲ್ಲ.

ಕಟ್ಟೆಯ ಮೇಲಿದ್ದ ರಾಚವ್ವ ಗಂಟು ನೋಡಿ ಎದ್ದು ಅಡ್ಡ ನಿಂತಳು. "ಏ, ಎಲ್ಲಿಗಿ ಹೊಂಟಿ? ಯಾರ ಉಡಿ ಅದು?"

"ನಂದು," ಎಂದಳು ಹೊಳೆವ್ವ. "ತವರಿಗಿ, ಬಿಜ್ಜರಗಿಗಿ ಹೊಂಟೇನಿ. ದಾರಿ ಬಿಡ್ರಿ."

ರಾಚವ್ವ ಮಗನನ್ನು ಕೂಗಿದಳು. ಸಂಗಣ್ಣ ಬಾಗಿಲ ತನಕ ಬಂದ. ಪಕ್ಕದ ಮನೆಯ ಮಾಸ್ತರರು ಕಿಟಕಿಯಲ್ಲಿ ನಿಂತದ್ದು ಕಂಡು ಹೊಸ್ತಿಲು ದಾಟದೆ ಅಲ್ಲೇ ನಿಂತ. ಹೊಳೆವ್ವ ಎರಡೂ ಕೈಯಿಂದ ಉಡಿ ಹಿಡಿದುಕೊಂಡು ಬಸ್ಸಿನ ದಾರಿ ಹಿಡಿದಳು.